ಬಿಳಿಯ ಮೇಲೆ ಹಳದಿ ಗೆರೆ

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕಥೆ ಹೇಳುತ್ತ ಹೇಳುತ್ತ ಅದನ್ನು ಮೆಲ್ಲಗೆ ಮೇಸ್ತ್ರಿಯ ತಲೆಗೆ ಕಟ್ಟುವ ಬುದ್ಧಿ ನನ್ನದು.

ಚಿತ್ರದುರ್ಗದ ಒಂದು ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಮನೆಗಳ ಪ್ಲಾನ್ ಎಳೆಯುವುದು ನನ್ನ ಕೆಲಸ. ಸಂಬಳವಿಲ್ಲದೆ ಮಾಡುವ ಇನ್ನೊಂದು ಕೆಲಸ, ಎಲ್ಲರ ದನಿ ಅಣಕಿಸುವುದು. ಸಾಹೇಬರ ಕೆಮ್ಮು, ನನ್ನದೇ ಬಾತುಕೋಳಿ ನಡಿಗೆ, ಯಾವುದನ್ನೂ ಬಿಟ್ಟವನಲ್ಲ.

ಹೊಳಲ್ಕೆರೆಯಲ್ಲಿ ಒಬ್ಬ ಟೀಚರ್ ಮನೆ ಕಟ್ಟಿಸುತ್ತಿದ್ದರು. ಗಾಲಿಕುರ್ಚಿಯಲ್ಲಿ ಓಡಾಡುವವರು. ಆಫೀಸಿಗೆ ಬಂದು ಅವರು ಕೇಳಿದ್ದು ಒಂದೇ: ಬೀದಿಯಿಂದ ಹಾಲ್‌ವರೆಗೆ ಯಾರ ಕೈಯೂ ಬೇಡದೆ ತಾವೇ ಹೋಗುವಂತಿರಬೇಕು. ಮುಂಬಾಗಿಲಿಗೆ ಮೆಟ್ಟಿಲಿನ ಬದಲು ಇಳಿಜಾರು ಎಳೆದೆ. ಕಪ್ಪು ಪರದೆಯ ಮೇಲೆ ಎದ್ದು ಕಾಣಲೆಂದು ಅದಕ್ಕೆ ಹಳದಿ ಬಣ್ಣ ಕೊಟ್ಟೆ.

ಆದರೆ ಪ್ಲಾನನ್ನು ಫೋಟೋ ಫೈಲ್ ಮಾಡಿದಾಗ ಹಿಂದಿನ ಕಪ್ಪು ಬಿಳಿಯಾಗುತ್ತದೆ. ಬಿಳಿಯ ಮೇಲೆ ಹಳದಿ ಕಾಣದು, ಅದಕ್ಕೇ ಗೆರೆಗಳನ್ನೆಲ್ಲ ಕಪ್ಪು ಮಾಡಿ, ದೊಡ್ಡ ಅಳತೆಯಲ್ಲಿ ತೆಗೆಯಬೇಕು. ನಾನು ಅವಸರದಲ್ಲಿ ಬಣ್ಣ ಇದ್ದ ಹಾಗೇ, ಚಿಕ್ಕದಾಗಿ ತೆಗೆದೆ. ತೆರೆದು ನೋಡದೆ, ಮನೆ ಕಟ್ಟುವ ಮೇಸ್ತ್ರಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಅದು ಅಲ್ಲಿ ಇನ್ನಷ್ಟು ಮಸುಕಾಯಿತು.

ಮೇಸ್ತ್ರಿ ಫೋನ್ ಮಾಡಿದರು. ನನ್ನಪ್ಪನ ವಯಸ್ಸಿನವರು, ಫೋನನ್ನು ಕೈಚಾಚಿ ದೂರ ಹಿಡಿದೇ ಓದುವವರು.

“ಬಾಗ್ಲ ಮುಂದೆ ಏನೈತಪ್ಪ? ಬರೀ ಬೆಳ್ಳಗೈತೆ. ಒಂದ್ಸಲ ನೋಡಿ ಕಳ್ಸು.”

ಅದೇ ಮಾತನ್ನು ಅದೇ ನಡುಗುದನಿಯಲ್ಲಿ ಅವರಿಗೇ ತಿರುಗಿಸಿ ಹೇಳಿದೆ. ಆಫೀಸೆಲ್ಲ ನಕ್ಕಿತು. ಕನ್ನಡಕ ಒರೆಸ್ಕಳ್ರಿ ಎಂದು ಸೇರಿಸಿ, ಅದೇ ಫೈಲನ್ನು ಮತ್ತೆ ಕಳಿಸಿದೆ. ಅವರು ಇನ್ನೊಮ್ಮೆ ಕೇಳಲಿಲ್ಲ. ಏನೂ ಕಾಣದ ಕಡೆ, ಊರಿನ ಎಲ್ಲ ಮನೆಗಳಿಗೂ ಕಟ್ಟುವಂತೆ, ಮೂರು ಮೆಟ್ಟಿಲು ಕಟ್ಟಿದರು.

ಮರಳು ಜಲ್ಲಿಯ ನಡುವೆ ಕುರ್ಚಿ ಓಡುವುದಿಲ್ಲವೆಂದು ಟೀಚರ್ ಕೆಲಸ ನಡೆಯುವಾಗ ಒಮ್ಮೆಯೂ ಬಂದಿರಲಿಲ್ಲ. ಬಂದದ್ದು ಹಾಲುಕ್ಕಿಸುವ ದಿನ. ಮೇಸ್ತ್ರಿ ಅವರನ್ನು ನೋಡಿದ್ದೂ, ನಾನು ಆ ಮನೆ ನೋಡಿದ್ದೂ ಅವತ್ತೇ ಮೊದಲು. ಬೀದಿಯ ಅಂಚಿನಲ್ಲಿ ಕುರ್ಚಿ ನಿಂತಿತು. ಅವರು ಮೆಟ್ಟಿಲುಗಳನ್ನು ನೋಡಿದರು, ಆಮೇಲೆ ನನ್ನನ್ನು. ಮೇಸ್ತ್ರಿಗೆ ಆಗಲೇ ಎಲ್ಲ ಅರ್ಥವಾಗಿತ್ತು. ಜೇಬಿನಿಂದ ಫೋನ್ ತೆಗೆದು ನನ್ನ ಕೈಗಿಟ್ಟರು. ಬಿಸಿಲಿಗೆ ಕೈ ಮರೆಮಾಡಿ ಚಿತ್ರವನ್ನು ಹಿಗ್ಗಿಸಿದೆ. ಬಾಗಿಲ ಮುಂದೆ ಬರೀ ಬಿಳಿ.

ಆ ಹೊತ್ತು ನನ್ನ ದನಿಯಲ್ಲೇ ಮಾತಾಡಿದೆ. ತಪ್ಪು ನನ್ನದು ಮೇಡಂ, ಮೇಸ್ತ್ರಿ ಕೇಳಿದ್ರು, ನಾನು ನೋಡಲಿಲ್ಲ ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಮನುಷ್ಯನಾಗುತ್ತಿದ್ದೆ. ಒಳಗೆ ಒಲೆಯ ಮೇಲೆ ಹಾಲಿತ್ತು, ನೆಂಟರು ಬಾಗಿಲಲ್ಲಿ ಕಾಯುತ್ತಿದ್ದರು. ಇಳಿಜಾರು ನಾಳೆಯೇ ಶುರು ಮಾಡೋಣ, ಇವತ್ತೊಂದಿನ ನಾವೇ ನಾಲ್ಕು ಜನ ಕುರ್ಚಿ ಸಮೇತ ಎತ್ತಿ ಒಳಗೆ ಬಿಡ್ತೀವಿ ಎಂದು ಬಗ್ಗಿ ಗಾಲಿಗೆ ಕೈ ಹಾಕಿದೆ.

ಅವರು ನನ್ನ ಕೈಯನ್ನು ಮೆಲ್ಲಗೆ ಸರಿಸಿ, ಕುರ್ಚಿಯನ್ನು ಬೀದಿಯ ಕಡೆ ತಿರುಗಿಸಿಕೊಂಡರು.

“ಎತ್ತಾಕೆ ಜನ ಬಾಡಿಗೆ ಮನೇಲೂ ಇದ್ರಪ್ಪ. ಇಳಿಜಾರು ಕಟ್ಟಿದ ದಿನ ಹಾಲು ಉಕ್ಕಿಸ್ತೀನಿ.”