ಹೇಳದೆ ಬರುವವರ ಚೌಕ

ಮಕ್ಕಳೇ, ನಾಲ್ಕು ಮಂದಿಯ ಮುಂದೆ ಮಾತಾಡಲು ನನಗೆ ಈಗಲೂ ನಾಚಿಕೆ. ನನ್ನ ಹೋಳಿಗೆಯ ಅಳತೆ ವೆಬ್‌ಸೈಟಿಗೆ ಹೋಗುತ್ತದೆ ಎಂದಾಗ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ. ಕಂಪ್ಯೂಟರಿಗೆ ಕಣ್ಣಿಲ್ಲವೆಂಬುದು ಆಮೇಲೆ ನೆನಪಾಯಿತು.

ಇದು ನಿಮ್ಮ ಅಕ್ಕ ಸುಜಾತಾಳ ಕೆಲಸ. ಅವಳು ಮಾಡಿದ ಎಕ್ಸೆಲ್ ಹಾಳೆಯ ಒಂದು ಚೌಕದಲ್ಲಿ ಊಟಕ್ಕೆ ಎಷ್ಟು ಮಂದಿ ಎಂದು ಬರೆದರೆ ಸಾಕು. ಕಡಲೆಬೇಳೆ, ಬೆಲ್ಲ, ಗೋಧಿಹಿಟ್ಟು ಎಷ್ಟೆಷ್ಟು ಬೇಕೆಂದು ಪಕ್ಕದ ಚೌಕಗಳಲ್ಲಿ ತಾನೇ ಮೂಡುತ್ತದೆ. ಅದನ್ನು ವೆಬ್‌ಸೈಟಿನಲ್ಲಿ ಬರೀ ಚಿತ್ರವಾಗಿ ತೋರಿಸದೆ, ಯಾರು ಬೇಕಾದರೂ ಅಂಕಿ ಹಾಕಿ ಉತ್ತರ ಪಡೆಯುವಂತೆ ಇಡುವುದು ಅವಳ ಆಸೆ.

"ಯಾರರೆ ಒಳಗ ಕೈ ಹಾಕಿ ಕೆಡಿಸಿದರ?" ಎಂದು ಕೇಳಿದೆ.

"ಸೂತ್ರಕ್ಕೆಲ್ಲಾ ಕೀಲಿ ಹಾಕೇನಿ ಆಯಿ. ಮಂದಿ ಎಷ್ಟಂತ ಬರಿಯೂದಷ್ಟ ತೆರದೈತಿ."

ನನ್ನ ಹೆದರಿಕೆಯೇ ಬೇರೆ. ಗುರುತಿಲ್ಲದ ಯಾವುದೋ ಮನೆಯಲ್ಲಿ ನನ್ನ ಅಳತೆ ನಂಬಿ, ಕೊನೆಯ ಪಂಕ್ತಿಗೆ ಹೋಳಿಗೆ ಸಾಲದೆ ಹೋದರೆ ಆ ಮನೆಯಾಕೆ ಮುಖ ಎಲ್ಲಿ ಇಟ್ಟುಕೊಳ್ಳಬೇಕು? ಮೊದಲು ನಮ್ಮವರಲ್ಲೇ ಪರೀಕ್ಷೆ ಆಗಲಿ ಎಂದೆ.

ಹುಕ್ಕೇರಿಯಲ್ಲಿ ನನ್ನ ನಾದಿನಿಯ ಬಸುರಿ ಸೊಸೆಗೆ ಕುಬಸದ ಊಟವಿತ್ತು. ನಾದಿನಿ ಮೊಬೈಲಿನಲ್ಲೇ ಅಂಕಿ ಹಾಕಿದಳು. ಸಾಲದಿರುವ ಮಾತು ಹಾಗಿರಲಿ, ಉಂಡವರು ಕಟ್ಟಿಕೊಂಡು ಹೋಗಿ, ಓಣಿಯ ಮನೆಮನೆಗೂ ಹಂಚಿ, ಮತ್ತೂ ಬುಟ್ಟಿ ತುಂಬ ಉಳಿಯಿತು.

"ವೈನಿ, ನಿಮ್ಮ ಮೊಮ್ಮಗಳು ಲೆಕ್ಕಾ ಕುಬಸಕ್ಕ ಮಾಡ್ಯಾಳೋ, ಸಂತಿಗೆ ಮಾಡ್ಯಾಳೋ?" ಎಂದಳು ನಾದಿನಿ.

ಸುಜಾತಾ ನಮ್ಮಿಬ್ಬರನ್ನೂ ಕೂರಿಸಿಕೊಂಡು ವಿಚಾರಿಸಿದಳು. ಹೇಳದೆ ಬರುವವರಿಗೂ ಇರಲಿ ಎಂದು ನಾನು ಅಳತೆ ಹೇಳುವಾಗಲೇ ಮೇಲೊಂದಿಷ್ಟು ಹಿಡಿದಿದ್ದೆ. ನಾದಿನಿಯೂ ಹಾಗೇ ಎಣಿಸಿ ಮಂದಿಯನ್ನು ಹೆಚ್ಚಿಸಿ ಬರೆದಿದ್ದಳು. ಸೂತ್ರದೊಳಗೆ ತಾನೂ ಒಂದಿಷ್ಟು ಸೇರಿಸಿದ್ದಾಗಿ ಸುಜಾತಾ ಕೊನೆಗೆ ಮೆಲ್ಲಗೆ ಒಪ್ಪಿಕೊಂಡಳು. ಬಾರದ ಅತಿಥಿಗೆ ಮೂವರೂ ಬೇರೆಬೇರೆಯಾಗಿ ಎಲೆ ಹಾಕಿದ್ದೆವು.

"ಹಂಗಾರ ಲೆಕ್ಕ ಬರೋಬ್ಬರಿ ಐತಿ, ನಾವ ಬರೋಬ್ಬರಿ ಇಲ್ಲ," ಎಂದು ನಾದಿನಿ ನಕ್ಕಳು.

ಈಗ ಆ ಮೇಲಿನದ್ದನ್ನೆಲ್ಲ ತೆಗೆದು ಅಳತೆ ಬಿಗಿಯಾಗಿದೆ. "ಹೇಳದೆ ಬರುವವರು" ಎಂದು ಬೇರೆಯೇ ಒಂದು ಚೌಕವಿದೆ. ಅದನ್ನು ಖಾಲಿ ಬಿಟ್ಟರೆ ಉತ್ತರವೇ ಮೂಡುವುದಿಲ್ಲ. ಅಷ್ಟು ಮಾತ್ರ ನನ್ನ ಹಟ.

ಅದಕ್ಕೆ ನನ್ನ ಹೆಸರು ಹಾಕುತ್ತೇನೆಂದಳು ಸುಜಾತಾ, ಬೇಡವೆಂದೆ. ಆ ಚೌಕ ನನ್ನದಲ್ಲ. ನಿಮ್ಮ ಅಜ್ಜ ಘಟಪ್ರಭಾ ಸ್ಟೇಶನ್ನಿನಲ್ಲಿ ರೈಲಿಳಿದು, ಊರಿನ ಬಸ್ಸು ತಪ್ಪಿಸಿಕೊಂಡು ನಿಂತವರನ್ನೆಲ್ಲ ಮನೆಗೆ ಕರೆತಂದು, ಹೊಸ್ತಿಲಲ್ಲೇ "ಇನ್ನೊಂದು ತಾಟ ಹಾಕ" ಎನ್ನುತ್ತಿದ್ದರು. ಅವರು ಹೋದ ಮೇಲೂ ನನ್ನ ಕೈ ಆ ತಾಟಿನ ಹಿಟ್ಟನ್ನು ನಾದುತ್ತಲೇ ಬಂದಿದೆ.

ಮೊನ್ನೆ ಮೂಡಲಗಿಯ ಯಾರೋ ಹೆಣ್ಣುಮಗಳು ವೆಬ್‌ಸೈಟಿನಲ್ಲಿ ಬರೆದಿದ್ದಾಳಂತೆ, ಹೇಳದೆ ಬಂದವರೂ ಹೊಟ್ಟೆ ತುಂಬ ಉಂಡು ಹೋದರು ಎಂದು. ಅವರನ್ನು ಒಳಗೆ ಕರೆದವರು ಯಾರೆಂದು ಅವಳಿಗೇನು ಗೊತ್ತು.