ಲವಂಗ ಚುಚ್ಚಿದ ಬರ್ಗರ್

ನೀವು ನಂಬುವುದಿಲ್ಲ, ನನಗೆ ಗೊತ್ತು. ನಂಬಬೇಡಿ, ನನಗೇನು. ಕೆಳಗಿನ ಮನೆಯ ಚಾಚಿ ಹಂಚು ಕಾದಿದೆಯೋ ಇಲ್ಲವೋ ಎಂದು ನೋಡಲು ನೀರು ಚಿಮುಕಿಸುತ್ತಿರಲಿಲ್ಲ. ಅಂಗೈಯನ್ನೇ ಅದರ ಮೇಲೆ ಒಮ್ಮೆ ಊರಿ ತೆಗೆಯುತ್ತಿದ್ದಳು. ನಲವತ್ತು ವರ್ಷ ಜೋಳದ ರೊಟ್ಟಿ ಬಡಿದ ಅಂಗೈ. ಗೆರೆಗಳೆಲ್ಲ ಸವೆದು ಹೊಳೆಯ ಕಲ್ಲಿನ ಹಾಗೆ ನುಣುಪಾಗಿತ್ತು. ಮುಲುಂಡ್ ಸ್ಟೇಷನ್ನಿನ ಹೊರಗೆ ಕೂರುವ ಕೈ ನೋಡುವವನಿಗೆ ಅದನ್ನು ತೋರಿಸಿದೆವು. ಅವನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದ. ಆಮೇಲೆ ಸುಮ್ಮನೆ ಎದ್ದು ಚಹಾ ಕುಡಿಯಲು ಹೋಗಿಬಿಟ್ಟ.

ಸುಳ್ಳು ಅಂದಿರಾ? ಈ ಬರಹದಲ್ಲಿ ಸುಳ್ಳು ಒಂದೇ ಒಂದಿದೆ. ಅದು ಇದಲ್ಲ.

ಆಕೆ ವಿಜಯಪುರದ ಕಡೆಯವಳು. ನಮ್ಮ ಸೀಮೆಯಿಂದ ಬಂದ ಗೌಂಡಿಗಳಿಗೆ ರೊಟ್ಟಿ ಮಾಡಿಕೊಡುತ್ತ ನಮ್ಮ ಬಿಲ್ಡಿಂಗಿನ ತಳಮನೆಯಲ್ಲಿ ಮೂವತ್ತು ವರ್ಷ ಇದ್ದಳು. ನಾನು ಮೂರನೇ ಮಾಳಿಗೆ. ನನ್ನ ಬಗ್ಗೆ ಹೇಳಬೇಕೆಂದರೆ, ಮರಾಠಿಯಲ್ಲಿ ‘ವರ್ ಚಲಾ’ ಎಂದು ಗದರಿಸದಿದ್ದರೆ ನಮ್ಮ ಲಿಫ್ಟು ಮೇಲಕ್ಕೆ ಏಳುವುದಿಲ್ಲವೆಂದು ಹೊಸದಾಗಿ ಬಂದ ಪ್ರತಿ ಬಾಡಿಗೆದಾರನನ್ನೂ ನಂಬಿಸಿದವನು ನಾನು. ಒಬ್ಬ ಬ್ಯಾಂಕ್ ಮ್ಯಾನೇಜರ್ ಆರು ತಿಂಗಳು ಗದರಿಸಿದ. ನನ್ನ ಬಲೆಗೆ ಬೀಳದವರು ಆ ಬಿಲ್ಡಿಂಗಿನಲ್ಲಿ ಯಾರೂ ಇರಲಿಲ್ಲ, ಚಾಚಿಯೊಬ್ಬಳನ್ನು ಬಿಟ್ಟು. ನಾನು ಬಾಯಿ ತೆರೆದು ಮುಗಿಸುವುದರೊಳಗೆ ಆಕೆ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡು ಹೇಳುತ್ತಿದ್ದಳು: “ಭಾಯಿ, ನಿಮ್ಮ ಸುಳ್ಳಿಗೆ ಉಪ್ಪು ಕಡಿಮಿ ಬಿದ್ದದ.”

ನಮ್ಮದು ಲಿಂಗ ಕಟ್ಟಿದ ಮನೆ. ಮೊಟ್ಟೆ ಕೂಡ ಹೊಸ್ತಿಲು ದಾಟಿದ್ದಿಲ್ಲ. ಚಾಚಿಗೆ ಅದನ್ನು ಯಾರೂ ಹೇಳಿರಲಿಲ್ಲ, ಆಕೆಯೇ ತಿಳಿದುಕೊಂಡಿದ್ದಳು. ಪ್ರತಿ ಈದಿಗೂ ನಮ್ಮ ಬಾಗಿಲಿಗೆ ಒಂದು ತಾಟು ಬರುತ್ತಿತ್ತು: ಹಸಿ ಶ್ಯಾವಿಗೆ, ಖರ್ಜೂರ, ಗೋಡಂಬಿ, ಸಕ್ಕರೆ, ಒಂದು ಹಾಲಿನ ಪಾಕೀಟು. “ಅಕ್ಕಾರ, ನಿಮ್ಮ ಒಲಿ ಮ್ಯಾಲ ನೀವ ಮಾಡ್ಕೋರಿ” ಎಂದು ಹೊಸ್ತಿಲಾಚೆಯಿಂದಲೇ ತಿರುಗಿ ಹೋಗುತ್ತಿದ್ದಳು. ನಮ್ಮಾಕೆ ಪಾಯಸ ಮಾಡಿ ಒಂದು ಬಟ್ಟಲು ಕೆಳಗೆ ಕಳಿಸುತ್ತಿದ್ದಳು. ಯಾರ ಮನಸ್ಸಿಗೂ ನೋವಿರಲಿಲ್ಲ. ಯಾರೂ ಹೊಸ್ತಿಲನ್ನೂ ದಾಟಿರಲಿಲ್ಲ.

ಆಮೇಲೆ ನಮ್ಮ ಮನೆಗೆ ಸೊಸೆ ಬಂದಳು. ಕಾಂದಿವಲಿಯಲ್ಲೇ ಹುಟ್ಟಿ ಬೆಳೆದವಳು, ಅವಳ ಕನ್ನಡ ಕುಂಟುತ್ತ ಕುಂಟುತ್ತ ಹಿಂದಿಯ ಹೆಗಲ ಮೇಲೆ ಕೈಯಿಟ್ಟು ನಡೆಯುತ್ತದೆ. ಮೊದಲ ಬಸಿರು ನಿಲ್ಲಲಿಲ್ಲ. ಎರಡನೆಯದಕ್ಕೆ ನಾಲ್ಕನೇ ತಿಂಗಳು ನಡೆಯುವಾಗ ನೀರು ಕುಡಿದರೂ ವಾಂತಿ. ಎರಡು ದಿನ ಸಲೈನ್ ಹಾಕಿಸಿಕೊಂಡು ಬಂದಳು. ತೂಕ ಇಳಿಯುತ್ತಿದೆ, ಹೊಟ್ಟೆಯಲ್ಲಿ ನಿಲ್ಲುವಂಥದ್ದು ಏನಾದರೂ ತಿನ್ನಿಸಿ, ಆದರೆ ಹೊರಗಿನದು ಒಂದು ಚೂರೂ ಬೇಡ ಎಂದಿದ್ದರು ಡಾಕ್ಟರು. ನಮ್ಮಾಕೆ ಹೋಳಿಗೆ ಮಾಡಿದಳು, ಮಾದಲಿ ಮಾಡಿದಳು. ಹುಡುಗಿ ವಾಸನೆಗೇ ಮುಖ ತಿರುಗಿಸಿದಳು.

ಒಂದು ಮಧ್ಯಾಹ್ನ ನಿದ್ದೆಯಿಂದ ಕಣ್ಣು ತೆರೆಯದೆಯೇ ಹೇಳಿದಳು: “ಮಮ್ಮೀ, ಬರ್ಗರ್ ಬೇಕು. ಸಪ್ನೇದಲ್ಲಿ ತಿಂತಾ ಇದ್ದೆ. ಪವಾಯಿ ತಲಾವ್ ಹತ್ತಿರ ಕೂತು.”

ನಮ್ಮಾಕೆಯ ಮುಖ ಸಣ್ಣದಾಯಿತು. “ಬಸರಿ ಬಯಕಿ ತೀರಿಸಲಿಲ್ಲಂದ್ರ ಹುಟ್ಟೋ ಕೂಸಿನ ಕಿವಿ ಸೋರತಾವ್ರೀ” ಎಂದು ನನಗೆ ಪಿಸುಗುಟ್ಟಿದಳು. ಅವಳಿಗಿದ್ದ ಭಯ ಕಿವಿಯದಲ್ಲ, ನನಗೂ ಗೊತ್ತಿತ್ತು. ಸೆರಗು ಸರಿಮಾಡಿಕೊಂಡು ಮೂರು ಮಾಳಿಗೆ ಇಳಿದಳು. ನಾನು ಹಿಂದೆ ಹೋದೆ.

“ಹುಡುಗಿ ಬರ್ಗರ್ ಬೇಕಂತಾಳ. ನನಗ ಅದು ಮಾಡಾಕ ಬರಂಗಿಲ್ಲ. ನೀ ಬಾ” ಎಂದಳು ಚಾಚಿಗೆ.

“ನನ್ನ ಕೈಲೇನ್ರೀ, ಅಕ್ಕಾರ?”

“ನಿನ್ನ ಕೈಲೇನ. ನಮ್ಮ ಒಲಿ ಮ್ಯಾಲ.”

ಚಾಚಿ ಕೈಯ ಹಿಟ್ಟು ತೊಳೆದುಕೊಂಡಳು. ಆಮೇಲೆ ಕುಕ್ಕರು, ಈದಿನ ನಾನ್ ರೊಟ್ಟಿಯ ಹಿಟ್ಟು ಹುದುಗಿಸಲೆಂದು ಇಟ್ಟಿದ್ದ ಖಮೀರು ಎರಡನ್ನೂ ಎತ್ತಿಕೊಂಡು ಮೇಲೆ ಬಂದಳು. ನಮ್ಮ ಬಾಗಿಲಲ್ಲಿ ಕಾಲು ತೊಳೆದು ಒಳಗೆ ಅಡಿಯಿಟ್ಟಳು. ಬರ್ಗರನ್ನು ಆಕೆಯೂ ಕಂಡವಳಲ್ಲ. ಹುಡುಗಿಯ ತಲೆದೆಸೆಯಲ್ಲಿ ಕೂತು ಹಣೆ ನೇವರಿಸಿದಳು.

“ಕಣ್ಣು ಮುಚ್ಚು ಬೇಟಾ. ಕನಸಿನ್ಯಾಗ ಕಂಡಿದ್ದು ಹೇಳ್ಕೋತ ಹೋಗು. ನಾ ಮಾಡ್ಕೋತ ಹೋಗ್ತೀನಿ.”

“ಗೋಲ್ ಇರ್ತದೆ ಚಾಚಿ. ಬಾದಲ್ ಥರಾ ನರಮ್. ಮೇಲೆ ತಿಲ್.”

“ಮೋಡದಂಗ ಮೆತ್ತಗ, ಮ್ಯಾಲ ಎಳ್ಳು. ಸಜ್ಜಿ ರೊಟ್ಟಿ ಮ್ಯಾಲ ಇದ್ಹಂಗ. ಮುಂದ?”

“ಒಳಗೆ ಟಿಕ್ಕಿ, ಕರಂ ಕುರುಂ ಅನ್ನಬೇಕು. ಮತ್ತೆ ಒಂದು ಬಿಳಿ ಚಟ್ನಿ, ಖಟ್ಟಾ ಖಟ್ಟಾ.”

“ಅದು ಕಟ್ಟಿಟ್ಟ ಮೊಸರು. ಮಲ್ಕೋ ಇನ್ನ.”

ಆ ಮಧ್ಯಾಹ್ನವನ್ನು ಹೇಗೆ ಹೇಳಲಿ? ಹಿಟ್ಟು ಕಿಟಕಿಯ ಬಿಸಿಲಲ್ಲಿ ಒದ್ದೆ ಬಟ್ಟೆ ಹೊದ್ದು ಉಸಿರಾಡುತ್ತಿತ್ತು. ಮಗ್ಗುಲಲ್ಲಿ ಹುಡುಗಿ ಹಾಗೆಯೇ ಉಸಿರಾಡುತ್ತಿದ್ದಳು. ಸ್ಟೇಷನ್ನಿನ ಅನೌನ್ಸ್‌ಮೆಂಟು ಗಾಳಿಯಲ್ಲಿ ತೇಲಿ ಬಂದು ಅರ್ಧಕ್ಕೇ ಕರಗುತ್ತಿತ್ತು. ಚಾಚಿ ಒದ್ದೆ ಅಂಗೈಯಿಂದ ಎಳ್ಳು ಒತ್ತಿದಳು. ಕುಕ್ಕರಿನ ತಳಕ್ಕೆ ಉಪ್ಪು ಹರವಿ, ಸೀಟಿ ತೆಗೆದು, ಬನ್ನುಗಳನ್ನು ಒಳಗಿಟ್ಟಳು. ಮೊಳಕೆ ಹೆಸರು, ಆಲೂಗಡ್ಡೆ, ಗಜ್ಜರಿ ಸೇರಿಸಿ ಜೋಳದ ಹಿಟ್ಟಿನಲ್ಲಿ ಟಿಕ್ಕಿ ತಟ್ಟತೊಡಗಿದಳು. ಪಟ್, ಪಟ್, ಪಟ್. ನಿದ್ದೆಯಲ್ಲಿ ಹುಡುಗಿಯ ಕಾಲ್ಬೆರಳು ಆ ತಾಳಕ್ಕೆ ಅಲ್ಲಾಡುತ್ತಿತ್ತು. ಯಾರು ಕನಸು ಕಾಣುತ್ತಿದ್ದಾರೆ, ಯಾರು ಎಚ್ಚರವಾಗಿದ್ದಾರೆ ಎಂಬುದೇ ನನಗೆ ಮರೆತುಹೋಯಿತು.

ಕೊನೆಗೆ ನನ್ನ ಸರದಿ. ಗಂಭೀರವಾಗಿ ಹೇಳಿದೆ: “ಚಾಚಿ, ನಟ್ಟನಡುವ ಒಂದು ಲವಂಗ ಚುಚ್ಚಬೇಕು. ಇಲ್ಲಂದ್ರ ಅದು ಬರ್ಗರ್ ಅಲ್ಲ, ಬರೇ ಬನ್ನು.” ಆಕೆ ಎಲೆಯಡಿಕೆಯ ಬೀಡಾಕ್ಕೆ ಚುಚ್ಚುವ ಹಾಗೆ ಚುಚ್ಚಿದಳು. ಮೂವತ್ತು ವರ್ಷದಲ್ಲಿ ಅದೊಂದೇ ಸಲ ಆಕೆ ನನ್ನ ಬಲೆಗೆ ಬಿದ್ದದ್ದು.

ಹುಡುಗಿ ಎದ್ದು ಕೂತಳು. ತಾಟಿನಲ್ಲಿದ್ದದ್ದನ್ನು ನೋಡಿದಳು. ಕಪ್ಪೆಳ್ಳು, ಟೋಪಿಯ ಹಾಗೆ ಒಂದು ಕಡೆ ಜಾರಿದ ಮೇಲಿನ ಬನ್ನು, ನೆತ್ತಿಯ ಮೇಲೆ ಲವಂಗ. “ಅರೆ, ಯೇ ಲೌಂಗ್ ಕ್ಯೂಂ?” ಎಂದು ನಕ್ಕುಬಿಟ್ಟಳು. ಎರಡು ತಿಂಗಳಲ್ಲಿ ಮೊದಲ ನಗು. ಲವಂಗ ಕಿತ್ತು ಬಾಯಿಗೆ ಹಾಕಿಕೊಂಡು ಜಗಿದಳು. ಆಮೇಲೆ ಒಂದು ತುತ್ತು ಕಚ್ಚಿದಳು. ನಮ್ಮಾಕೆ ವಾಂತಿಯ ತಂಬಿಗೆ ಹಿಡಿದು ನಿಂತಿದ್ದಳು. ಒಂದು ಲೋಕಲ್ ರೈಲು ಹೋಯಿತು. ಇನ್ನೊಂದು ಹೋಯಿತು. ತುತ್ತು ಒಳಗೇ ನಿಂತಿತು. ಎರಡನೆಯದು, ಮೂರನೆಯದು. ತಂಬಿಗೆ ಕೆಳಗಿಟ್ಟು ನಮ್ಮಾಕೆ ಗೋಡೆಗೆ ಮುಖ ಮಾಡಿ ಅತ್ತಳು.

ಅಂದಿನಿಂದ ಊಟಕ್ಕೆ ಮೊದಲು ಲವಂಗ. ಕೂಸು ಹುಟ್ಟಿತು, ಹೆಣ್ಣು. ಈಗ ಸಾಲೆಗೆ ಹೋಗುತ್ತದೆ. ಕಿವಿ ಎಷ್ಟು ಒಣಗಿವೆಯೆಂದರೆ, ನಾನು ಕರೆದರೆ ಕೇಳಿಸುವುದೇ ಇಲ್ಲ. ಮುಂದಿನ ಈದಿಗೆ ಬಂದದ್ದು ಹಸಿ ಸಾಮಾನಲ್ಲ. ಮುಚ್ಚಿದ ಬಟ್ಟಲಲ್ಲಿ ಬಿಸಿ ಶೀರ್ ಖುರ್ಮಾ, ಚಾಚಿಯೇ ಮಾಡಿದ ಶ್ಯಾವಿಗೆ ಪಾಯಸ. ನಮ್ಮಾಕೆ ಮುಚ್ಚಳ ತೆಗೆದು, ಬಾಗಿಲಲ್ಲಿ ನಿಂತೇ, ಚಾಚಿಯ ಕಣ್ಣೆದುರಿಗೇ ಎರಡು ಚಮಚ ತಿಂದಳು.

ಹೋದ ಚಳಿಗಾಲ ಚಾಚಿ ಬೆಳಗಿನ ರೊಟ್ಟಿ ಮುಗಿಸಿ, ಸುಸ್ತಾಗಿದೆ ಎಂದು ಅಡ್ಡಾದವಳು ಏಳಲಿಲ್ಲ. ಜನ ಸೇರುವ ಮೊದಲು ಆ ಅಡಿಗೆಮನೆಯಲ್ಲಿ ನಾನೊಬ್ಬನೇ ಇದ್ದೆ. ಹಂಚು ಒಲೆಯ ಮೇಲೇ ಇತ್ತು. ಅಂಗೈ ಊರಿ ನೋಡಿದೆ. ಬೊಬ್ಬೆ ಮಾಯಲು ಹತ್ತು ದಿನ ಬೇಕಾಯಿತು.

ಇನ್ನು ಆ ಒಂದು ಸುಳ್ಳು.

ಲವಂಗ ಚುಚ್ಚಲು ನಾನು ಹೇಳಿದ್ದಿಲ್ಲ. ಅದು ಚಾಚಿಯದೇ ವಿಚಾರ. ಲವಂಗ ಜಗಿದರೆ ಹೊಟ್ಟೆ ತೊಳಸುವುದು ನಿಲ್ಲುತ್ತದೆಂದು ಆಕೆಗೆ ಗೊತ್ತಿತ್ತು, ಔಷಧವೆಂದರೆ ಹುಡುಗಿ ಮುಟ್ಟುವುದಿಲ್ಲವೆಂಬುದೂ ಗೊತ್ತಿತ್ತು. ಆ ಮಧ್ಯಾಹ್ನ ನಾನು ಬಾಗಿಲ ಚೌಕಟ್ಟು ಹಿಡಿದು ಹೆದರಿ ನಿಂತದ್ದು ಬಿಟ್ಟರೆ ಏನೂ ಮಾಡಲಿಲ್ಲ. ಸಂಜೆ ಮಗ ಕೆಲಸದಿಂದ ಬಂದು ಲವಂಗದ ಕಥೆ ಕೇಳಿದಾಗ, ನನ್ನ ಬಾಯಿ ತಾನಾಗಿಯೇ “ನಾನ ಹೇಳಿದ್ದು” ಎಂದುಬಿಟ್ಟಿತು. ಎಲ್ಲರೂ ಚಾಚಿಯ ಕಡೆ ನೋಡಿದರು. ಆಕೆ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು.

“ಹೌದು, ಭಾಯಿನ ಹೇಳಿದ್ರು” ಎಂದಳು. ಆಮೇಲೆ, ನನಗೊಬ್ಬನಿಗೇ ಕೇಳುವ ಹಾಗೆ: “ಈ ಸಲ ಉಪ್ಪು ಬರೋಬ್ಬರಿ ಅದ.”