ಸೋದರತ್ತೆಯ ಬೆನ್ನು

ನನಗೊಂದು ಬೆನ್ನಿದೆ ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ಅದು ಸೆರಗು ಇಳಿಬಿಡಲು ಇರುವ ಜಾಗ, ಅಷ್ಟೇ ಅಂದುಕೊಂಡಿದ್ದೆ. ಕನ್ನಡಿಯಲ್ಲಿ ಕಾಣುವುದಿಲ್ಲ, ಫೋಟೋದಲ್ಲಿ ಬರುವುದಿಲ್ಲ, ಯಾರೂ ಅದನ್ನು ಹೊಗಳಿದ್ದಿಲ್ಲ. ಅಂಥ ಮೌನಿ ಅಂಗ ಒಂದು ಸಂಜೆ ಮಾತಾಡಿತು. ಮಾತಾಡಿದ್ದು ಬೆನ್ನು, ಕೂಗಿದ್ದು ನಾನು. ನನ್ನ "ಯವ್ವಾ!" ಕೇಳಿ ಜಲನಗರದ ನಮ್ಮ ಓಣಿಯಲ್ಲಿ ಮಲಗಿದ್ದ ನಾಯಿ ಎದ್ದು, ಸುತ್ತ ನೋಡಿ, ತನಗೆ ಸಂಬಂಧವಿಲ್ಲವೆಂದು ಮತ್ತೆ ಮಲಗಿತು.

ಕಾರಣ ಒಂದು ಗರಗಸ. ಮದುವೆಯ ಬೆಳ್ಳಿಹಬ್ಬಕ್ಕೆ ಏನು ಬೇಕು ಎಂದು ನಮ್ಮ ಮನೆಯವರು ಕೇಳಿದಾಗ, ಅವರ ಮನಸ್ಸಿನಲ್ಲಿ ಇಳಕಲ್ ಸೀರೆ ಇತ್ತು. ನಾನು ಸ್ಕ್ರೋಲ್ ಸಾ ಬೇಕು ಎಂದೆ. ಅದೇನು ಎಂದರು. ಗರಗಸ ಎಂದೆ. ಅವರು ಚಹದ ಕಪ್ಪು ಕೆಳಗಿಟ್ಟು, "ಯಾರನ್ನ ಕೊಯ್ಯಾಕ?" ಎಂದು ನಿಜವಾಗಿಯೂ ವಿಚಾರಿಸಿದರು.

ಯಾರನ್ನೂ ಅಲ್ಲ. ಇದು ನೋಡಲು ಹೊಲಿಗೆ ಮಷೀನಿನ ತಂಗಿಯಂತಿರುವ ಯಂತ್ರ. ಸೂಜಿಯ ಜಾಗದಲ್ಲಿ ದಾರದಷ್ಟು ಸಣ್ಣ ಗರಗಸದ ಅಲಗು. ಅದು ಇದ್ದಲ್ಲೇ ಮೇಲೆ ಕೆಳಗೆ ಕುಣಿಯುತ್ತದೆ. ನಾವು ಹಲಗೆಯನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ ಗಿಳಿಯ ಕೊಕ್ಕು, ಬಳ್ಳಿಯ ಸುರುಳಿ, ಏನು ಬೇಕಾದರೂ ಮೂಡುತ್ತದೆ. ಕಾನ್ವೆಂಟಿನ ಕ್ರಾಫ್ಟ್ ಕ್ಲಾಸಿನಲ್ಲಿ ಸಿಸ್ಟರ್ ಆಗ್ನೆಸ್ ನಮಗೆ ಕೈಗರಗಸದಲ್ಲಿ ಪ್ಲೈವುಡ್ ಕೊರೆಯಲು ಕಲಿಸಿದ್ದರು. ನಾನು ಕೊರೆದ ದೇವದೂತನಿಗೆ ಒಂದೇ ರೆಕ್ಕೆ ಉಳಿದಿತ್ತು. ಆದರೂ ಸಿಸ್ಟರ್ ಅವನನ್ನು ಕ್ರಿಸ್‌ಮಸ್‌ಗೆ ಕಿಟಕಿಯಲ್ಲಿ ನಿಲ್ಲಿಸಿದ್ದರು, ಓರೆಯಾಗಿ, ಹಾರಲು ಹೊರಟವನು ಸ್ವಲ್ಪ ಯೋಚಿಸುತ್ತಿದ್ದಾನೆ ಎಂಬಂತೆ. ಅಂದಿನಿಂದ ನನ್ನ ಕೈ ಗರಗಸಕ್ಕೆ ತುರಿಸುತ್ತಲೇ ಇತ್ತು. ನಡುವೆ ಮದುವೆ, ಮಕ್ಕಳು, ಉಪ್ಪಿನಕಾಯಿ.

ಈಗ ತೊಟ್ಟಿಲಿನ ಮಾತು. ತಿಕೋಟಾದ ತವರಿನ ಅಟ್ಟದ ಮೇಲೆ ನಮ್ಮ ಹಳೆಯ ತೊಟ್ಟಿಲಿದೆ. ನಾನೂ ನನ್ನ ತಮ್ಮ ಬಸುವೂ ಅದರಲ್ಲೇ ತೂಗಿಸಿಕೊಂಡವರು. ಬಸುವಿಗೆ ಮದುವೆಯಾದದ್ದೇ ತಡವಾಗಿ. ಕೂಸು ಆದದ್ದು ಇನ್ನೂ ತಡವಾಗಿ. ಹೆಂಡತಿ ಸವಿತಾ ಬಬಲೇಶ್ವರದ ತನ್ನ ತವರಿನಲ್ಲಿ ಹೆಣ್ಣು ಹಡೆದ ಸುದ್ದಿ ಬಂದ ದಿನವೇ ಅವನು ತೊಟ್ಟಿಲು ಇಳಿಸಿ ನೋಡಿದ. ಕಾಲು ಗಟ್ಟಿ, ಎರಡೂ ಬದಿಯ ಹಲಗೆ ಹುಳು ತಿಂದು ಪುಡಿ. "ಬಿಡು, ನಾ ಕೊರದು ಕೊಡ್ತೇನಿ. ದ್ರಾಕ್ಷಿ ಬಳ್ಳಿ, ನಡುವ ಗಿಳಿ" ಎಂದು ನಾನು ಫೋನಿನಲ್ಲಿ ಹೇಳಿಬಿಟ್ಟೆ. ಮನೆಯ ಹಿಂದೆ ದ್ರಾಕ್ಷಿ ಒಣಗಿಸಿ ಮನುಕ ಮಾಡುವ ಶೆಡ್ಡು ಇಟ್ಟುಕೊಂಡವನಿಗೆ ದ್ರಾಕ್ಷಿ ಬಳ್ಳಿ ಎಂದರೆ ಖುಷಿಯಾಗದೆ ಇರುತ್ತದೆಯೆ?

ನನ್ನ ಆಸೆ ಹಲಗೆಗಷ್ಟೇ ನಿಂತಿರಲಿಲ್ಲ. ನಮ್ಮ ಕಡೆ ಹೆಸರಿಡುವ ದಿನ ಸೋದರತ್ತೆ, ಎಂದರೆ ಕೂಸಿನ ಅಪ್ಪನ ಅಕ್ಕನೋ ತಂಗಿಯೋ, ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಉಸುರಬೇಕು. ಉಸುರಿದ ಕ್ಷಣವೇ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಯಾಕೆ ಎಂದು ಯಾರೂ ನೆಟ್ಟಗೆ ಹೇಳುವುದಿಲ್ಲ. ಒಂದು ಜೀವಕ್ಕೆ ಹೆಸರಿಡುವ ಅಧಿಕಾರ ಒಬ್ಬಳಿಗೇ ಪುಕ್ಕಟೆ ಸಿಗಬಾರದೆಂಬ ಹೊಟ್ಟೆಕಿಚ್ಚು ಇರಬೇಕು ಎಂದು ನನ್ನ ಊಹೆ. ನನಗಿರುವವನು ಒಬ್ಬನೇ ತಮ್ಮ. ಆ ಗುದ್ದುಗಳಿಗಾಗಿ ನಾನು ವರ್ಷಗಟ್ಟಲೆ ಕಾದಿದ್ದೆ.

ಇಬ್ರಾಹಿಂಪುರದ ಕಟ್ಟಿಗೆ ಅಡ್ಡೆಯಿಂದ ತೆಳು ಸಾಗವಾನಿ ಹಲಗೆ ತಂದೆ. ಚಿತ್ರ ಬರೆದು ಅಂಟಿಸಿದೆ. ಯಂತ್ರವನ್ನು ಎಲ್ಲಿಡುವುದು? ನಮ್ಮ ಕಡೆಯ ಹೆಂಗಸರಿಗೆ ಒಂದು ನಂಬಿಕೆಯಿದೆ: ಕೆಲಸ ಎಂದರೆ ನೆಲಕ್ಕೆ ಕುಳಿತು ಮಾಡುವುದು, ಉಳಿದದ್ದೆಲ್ಲ ಶೋಕಿ. ರೊಟ್ಟಿ ಬಡಿಯುವುದು, ಕಾಳು ಹಸನು ಮಾಡುವುದು, ಶಾವಿಗೆ, ಹಪ್ಪಳ, ಎಲ್ಲ ನೆಲದ ಮೇಲೆ. ಹಾಗಾಗಿ ನಾನೂ ಗರಗಸವನ್ನು ಮಣೆಯ ಮೇಲಿಟ್ಟು, ರೊಟ್ಟಿಗೆ ಕುಳಿತಂತೆ ಒಂದು ಕಾಲು ಮಡಚಿ ಕುಳಿತೆ. ರೊಟ್ಟಿ ಬಡಿಯುವವಳು ಹಂಚಿನ ಕಡೆ ಹೊರಳುತ್ತಾಳೆ, ಒಲೆ ನೋಡುತ್ತಾಳೆ, ಬುಟ್ಟಿಗೆ ಕೈ ಚಾಚುತ್ತಾಳೆ. ಗರಗಸ ಹಾಗೆಲ್ಲ ಹೊರಳಲು ಬಿಡುವುದಿಲ್ಲ. ಗೆರೆಯ ಮೇಲಿನ ಕಣ್ಣು ತೆಗೆದರೆ ಗಿಳಿಯ ಕೊಕ್ಕು ಹೋಯಿತು. ಒಂದು ಸುರುಳಿ ಮುಗಿಸಿ ಏಳೋಣ, ಇದೊಂದು ಎಲೆ ಮುಗಿಸಿ ಏಳೋಣ ಎಂದು ಕುಳಿತವಳು ಸಂಜೆ ಮನೆಯವರು ಬಂದು ಬಾಗಿಲು ಬಡಿದಾಗ ಏಳಲು ನೋಡಿದೆ. ಎದ್ದದ್ದು ಕೂಗು ಮಾತ್ರ. ಅದೇ, ನಾಯಿ ಕೇಳಿದ್ದು.

ಬೆನ್ನು ನೋವೆಂದರೆ ಊರಿಗೆಲ್ಲ ವೈದ್ಯಕೀಯ ಜ್ಞಾನ ಉಕ್ಕುತ್ತದೆ. ಡಾಕ್ಟರು, ಎಲುಬಿಗೆ ಏನೂ ಆಗಿಲ್ಲ, ಸ್ನಾಯು ಹಿಡಿದಿದೆ, ದಿನಾ ನಡೆಯಿರಿ, ಬಗ್ಗಿ ಕೂಡಬೇಡಿ ಎಂದರು. ಮನೆಯವರು ಒಂದು ಬೆಲ್ಟು ತಂದರು. ಕಟ್ಟಿಕೊಂಡರೆ ನಾನು ಪಾರ್ಸೆಲ್ ಮಾಡಿದ ಫ್ರಿಜ್ಜಿನಂತೆ ಕಾಣುತ್ತಿದ್ದೆ. ಅವ್ವ ತಿಕೋಟಾದಿಂದ ಬಸ್ಸಿನಲ್ಲಿ ಬಂದು, ಉಸುಕು ಹುರಿದು ಗಂಟು ಕಟ್ಟಿ ಕಾವು ಕೊಟ್ಟಳು. ಕಾವಿನ ಜೊತೆಗೆ ತೀರ್ಪನ್ನೂ ಕೊಟ್ಟಳು.

"ಹೆಸರಿಡಾಕ ನೀ ಬರೂದು ಬ್ಯಾಡವಾ. ನಿಮ್ಮ ಕಾಕಾನ ಮಗಳು ಸುಮಾ ಅದಾಳಲ್ಲ, ಅಕಿ ಇಡ್ತಾಳ."

"ಯಾಕ ಬೇ? ನಾ ಸ್ವಂತ ಅತ್ತಿ ಇರೂಮುಂದ?"

"ಬಬಲೇಶ್ವರದ ಹೆಂಗಸೂರ ಕೈ ನೀ ನೋಡಿಲ್ಲ. ಗುದ್ದಿದ್ರ ನಿನ್ನ ನಡಾ ಅಲ್ಲೇ ಬೀಳತೈತಿ. ಆಮ್ಯಾಲ ತೊಟ್ಟಲದಾಗ ಕೂಸಿನ್ನ ಹಾಕೂದೋ ನಿನ್ನ ಹಾಕೂದೋ? ಒಂದ ಮಾಡು, ಆ ಮಷೀನ್ ಬಿಡು."

"ಹಲಗಿ?"

"ಬಸು ಪ್ಲೈವುಡ್ ಬಡೀತೇನಿ ಅಂದಾನ."

ಪ್ಲೈವುಡ್! ಕಣ್ಣಿಗೆ ನೀರು ಬಂತು. ಅವ್ವ ಅದು ಕಾವಿನ ಬಿಸಿಗೆಂದು ತಿಳಿದು ಗಂಟನ್ನು ಸ್ವಲ್ಪ ಎತ್ತಿದಳು.

ನಮ್ಮ ಪಕ್ಕದ ಮನೆಯ ಗಂಗಾ ಟೀಚರ್ ಕಾಲು ಮುಂದಾಗಿ ಹುಟ್ಟಿದವರು. ಅಂಥವರ ಕಾಲು ತಾಗಿದರೆ ಹಿಡಿದ ಬೆನ್ನು ಬಿಡುತ್ತದೆ ಎಂಬ ಮಾತು ನಿಮಗೂ ಗೊತ್ತಿರಬಹುದು. ಕಾನ್ವೆಂಟಿನಲ್ಲಿ ವಿಜ್ಞಾನ ಓದಿದ ನಾನು ಇದನ್ನು ನಂಬುವುದಿಲ್ಲ. ಆದ್ದರಿಂದ ಯಾರೂ ನೋಡದ ಹೊತ್ತಿನಲ್ಲಿ ಅವರನ್ನು ಕರೆದೆ. ಅವರು ನನಗಿಂತ ಚಿಕ್ಕವರು, ದೇಹದಲ್ಲಿ ಅಲ್ಲ. "ವೈನಿ, ಹೆದರಬ್ಯಾಡ್ರಿ, ಬರೇ ಮುಟ್ಟಸ್ತೇನಿ" ಎನ್ನುತ್ತ ಗೋಡೆ ಹಿಡಿದು, ಚಾಪೆಯ ಮೇಲೆ ಬೋರಲಾಗಿದ್ದ ನನ್ನ ನಡುವಿಗೆ ಪಾದ ತಾಗಿಸಿದರು. ಹಾಯೆನಿಸಿತು. ಮೆಲ್ಲಗೆ ಎದ್ದು ನಿಂತೂ ಬಿಟ್ಟೆ. ಅಷ್ಟರಲ್ಲಿ ಗಂಗಾ ಟೀಚರ್, ಹಿರಿಯರಿಗೆ ಕಾಲು ತಾಗಿಸಿದ ಪಾಪ ಕಳೆಯಲು ನನ್ನ ಪಾದಕ್ಕೆ ಬಿದ್ದರು. ಹಿರಿಯಳಾದ ಮೇಲೆ ಎಬ್ಬಿಸದೆ ಇರಲಾಗುತ್ತದೆಯೆ? "ಏಳ್ರಿ, ಏಳ್ರಿ" ಎಂದು ಬಗ್ಗಿದೆ. ಬಗ್ಗಿದವಳು ಹಾಗೆಯೇ ಉಳಿದೆ. ಕಡೆಗೆ ಅವರೇ ಎದ್ದು ನನ್ನನ್ನು ಬಿಡಿಸಿ ನಿಲ್ಲಿಸಬೇಕಾಯಿತು.

ಡಾಕ್ಟರು ಹೇಳಿದ ನಡಿಗೆ ಮಾತ್ರ ಒಳ್ಳೆಯದೇ ಮಾಡುತ್ತಿತ್ತು. ಒಂದು ರವಿವಾರ ನಾನೂ ಮನೆಯವರೂ ನಮ್ಮೂರಿನ ಸುಲ್ತಾನನ ಗೋರಿ ಇಬ್ರಾಹಿಂ ರೋಜಾಕ್ಕೆ ಹೋದೆವು. ಅಲ್ಲಿಯ ಕಲ್ಲಿನ ಕಿಟಕಿಗಳನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅಕ್ಷರಗಳನ್ನೇ ಜಾಲರಿಯಾಗಿ ಕೊರೆದು ಅವುಗಳ ಸಂದಿನಿಂದ ಬೆಳಕು ಬಿಟ್ಟಿದ್ದಾರೆ. ಪ್ರವಾಸಿಗರು ಬೆಳಕು ನೋಡುತ್ತಾರೆ, ಇತಿಹಾಸ ಓದಿದವರು ಸುಲ್ತಾನನನ್ನು ನೆನೆಯುತ್ತಾರೆ. ನನಗೆ ಅಂದು ಕಂಡದ್ದು ಬೆನ್ನುಗಳು. ಸಾಗವಾನಿಯ ಗಿಳಿಗೇ ನನ್ನ ಗತಿ ಹೀಗಾದರೆ, ಕಲ್ಲಿನಲ್ಲಿ ಅಕ್ಷರ ಬಿಡಿಸಿದವರ ನಡು ಏನಾಗಿರಬೇಕು? ಅವರಿಗೆ ಉಸುಕು ಹುರಿದು ಕೊಟ್ಟವರು ಯಾರು? ಅರಸರಿಗೆ ಏನೇನು ಕಾಯಿಲೆ ಇತ್ತೆಂದು ಪುಸ್ತಕಗಳು ಹೇಳುತ್ತವೆ, ಇವರದು ಎಲ್ಲೂ ಇಲ್ಲ. "ಇವರೆಲ್ಲಾ ಹೆಂಗ ಕೂತು ಕೆತ್ತಿರಬೇಕ್ರೀ?" ಎಂದೆ. ಮನೆಯವರು ಕಿಟಕಿಯನ್ನೂ ನನ್ನನ್ನೂ ನೋಡಿ, "ನಿನ್ನಂಗಂತೂ ಕೂತಿರಾಕಿಲ್ಲ ಬಿಡು" ಎಂದರು.

ಹಾಸ್ಯಕ್ಕೆ ಅಂದ ಮಾತು. ನನಗೆ ಮುಳ್ಳಿನಂತೆ ನಟ್ಟಿತು. ನಾನು ಹೇಗೆ ಕೂಡುತ್ತೇನೆ?

ಆ ಹೊತ್ತಿಗೆ ಯಂತ್ರ, ಅವ್ವನ ಮಾತು ಮೀರಿ, ನೆಲದಿಂದ ಎದ್ದು, ಅತ್ತೆಯವರ ಕಾಲದ ಹೊಲಿಗೆ ಮಷೀನಿನ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕುಳಿತಿತ್ತು. ಅದು ಎದೆಮಟ್ಟ ಬಂದದ್ದರಿಂದ ನಾನು ಸ್ಟೂಲಿನ ಮೇಲೆ ದಿಂಬು ಪೇರಿಸಿ ಏರಿದ್ದೆ. ಮರುದಿನ, ನನಗೆ ಹೇಳದೆ ಪಕ್ಕದಿಂದ ಒಂದು ಫೋಟೋ ತೆಗೆಯಿರಿ ಎಂದು ಮನೆಯವರಿಗೆ ಹೇಳಿದೆ. ಹೇಳಿದ ಮೇಲೆ ಹೇಳದೆ ತೆಗೆಯುವುದು ಹೇಗೆ ಎಂದು ಅವರು ತಕರಾರು ಮಾಡಿದರು, ಕಡೆಗೆ ತೆಗೆದರು. ಫೋಟೋದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಕುಳಿತಿತ್ತು. ಕಾಲುಗಳು ನೇತಾಡುತ್ತಿವೆ, ಮೂಗು ಅಲಗಿಗೆ ತಾಗುವುದೊಂದು ಬಾಕಿ. ಗೆರೆಯನ್ನು ನೇರ ಮೇಲಿನಿಂದ ನೋಡದೆ ಕೊರೆಯಲಾಗುವುದಿಲ್ಲ, ಹಲಗೆ ಅಂಗಾತ ಮಲಗಿದೆ, ಆದ್ದರಿಂದ ನಾನು ಅದರ ಮೇಲೆ ಕವುಚಿದ್ದೇನೆ.

"ಬ್ಯಾಕ್ ಸ್ಟ್ರೇಟ್, ಗರ್ಲ್ಸ್!" ಸಿಸ್ಟರ್ ಆಗ್ನೆಸ್ ಕಿವಿಯ ಹಿಂದೆಯೇ ನಿಂತು ಹೇಳಿದಂತಾಯಿತು. ಕ್ರಾಫ್ಟ್ ಕ್ಲಾಸಿನಲ್ಲಿ ಅವರು ದಿನಾ ಹಾಗೆನ್ನುತ್ತಿದ್ದರು, ನಾವು ನೆಟ್ಟಗೆ ಕೂಡುತ್ತಿದ್ದೆವು, ಕೂತು ಗಂಟೆಗಟ್ಟಲೆ ಬರೆಯುತ್ತಲೂ ಇದ್ದೆವು. ಆಗ ಯಾಕೆ ಬೆನ್ನು ನೋಯಲಿಲ್ಲ? ಎಳೆಯ ವಯಸ್ಸು, ಸರಿ. ಆದರೆ ನನಗೆ ಥಟ್ಟನೆ ಕಂಡದ್ದು ಡೆಸ್ಕು. ಕಾನ್ವೆಂಟಿನ ಡೆಸ್ಕಿನ ಮೇಲ್ಮೈ ನಮ್ಮ ಕಡೆಗೆ ಇಳಿಜಾರಾಗಿತ್ತು! ಪೆನ್ಸಿಲ್ ಇಟ್ಟರೆ ಉರುಳಿ ಮಡಿಲಿಗೆ ಬೀಳುತ್ತಿತ್ತು. ಅದಕ್ಕಾಗಿ ನಾವು ಆ ಡೆಸ್ಕನ್ನು ಎಷ್ಟು ಬೈದಿದ್ದೆವು! ಪುಸ್ತಕವೇ ನಮ್ಮ ಕಡೆ ಬಾಗಿದ್ದರಿಂದ ನಾವು ಬಾಗಬೇಕಾಗಿರಲಿಲ್ಲ. ಇಷ್ಟು ದಿನ ನಾನು ನನ್ನನ್ನೇ ತಿದ್ದಿಕೊಳ್ಳುತ್ತಿದ್ದೆ. ತಿದ್ದಬೇಕಾದದ್ದು ಯಂತ್ರವನ್ನು.

ಹಳೆಯ ಕಟ್ಟಿಗೆಯ ತುಂಡಿನಿಂದ ಎರಡು ಬೆಣೆ ಕೊಯ್ದೆ. ಗರಗಸದ ಹಿಂಗಾಲುಗಳ ಕೆಳಗೆ ಅವನ್ನು ಸೇರಿಸಿ, ಜಾರದಂತೆ ಸೈಕಲ್ ಟ್ಯೂಬಿನ ತುಂಡು ಹಾಸಿ, ಸ್ಕ್ರೂ ಬಿಗಿದೆ. ಯಂತ್ರ ನನ್ನ ಕಡೆ ಬಗ್ಗಿ, ಏನಮ್ಮಾ ಎಂದು ಕೇಳುವಂತೆ ನಿಂತಿತು. ನೇತಾಡುವ ಕಾಲಿಗೆ ಆ ಹಳೆಯ ಮಣೆಯನ್ನೇ ಕೆಳಗಿಟ್ಟೆ. ಕುಳಿತೆ. ಬೆನ್ನು ನೆಟ್ಟಗಿತ್ತು, ಗೆರೆ ಕಣ್ಣೆದುರಿಗೇ ಇತ್ತು.

ಇನ್ನು ಉಳಿದದ್ದು, ಏಳುವುದು. ನನ್ನ ಮಾತನ್ನು ನಾನೇ ಕೇಳುವವಳಲ್ಲ. ಆದರೆ ಕುಕ್ಕರಿನ ಮಾತನ್ನು ಕೇಳದೆ ಇರುವ ಗೃಹಿಣಿ ಇನ್ನೂ ಹುಟ್ಟಿಲ್ಲ. ಒಲೆಯ ಮೇಲೆ ಬೇಳೆ ಇಟ್ಟು ಗರಗಸಕ್ಕೆ ಕೂಡತೊಡಗಿದೆ. ಸೀಟಿ ಆಯಿತೆಂದರೆ ಗಿಳಿ ಎಲ್ಲಿದ್ದರೂ ಸ್ವಿಚ್ ಆರಿಸಿ ಎದ್ದು, ಉರಿ ಸಣ್ಣ ಮಾಡಿ, ಗೇಟಿನವರೆಗೆ ನಡೆದು, ನಾಯಿಯನ್ನು ಮಾತಾಡಿಸಿ ಬರುವುದು. ಬೇಳೆಯಾದ ಮೇಲೆ ಆಲೂಗಡ್ಡೆ, ಆಮೇಲೆ ಕಡಲೆ. "ಈ ಮನ್ಯಾಗ ಹಿಂಗ್ಯಾಕ ಕುದಿಸಿದ್ದ ತಿನ್ನಾಕ ಹಾಕಾಕತ್ತಿ?" ಎಂದು ಮನೆಯವರು ಕೇಳಿದರು. ಗಿಳಿಗಳಿಗಾಗಿ ಎಂದೆ. ದಿನ ಕಳೆದಂತೆ ಬಳ್ಳಿ ಹಬ್ಬಿತು, ಗೊಂಚಲು ತೂಗಿತು, ಎರಡು ಗಿಳಿಗಳು ಮುಖಾಮುಖಿ ಕುಳಿತವು. ಎರಡಕ್ಕೂ ಎರಡೆರಡು ರೆಕ್ಕೆ. ಬೆನ್ನು ತನ್ನ ಹಳೆಯ ಮೌನಕ್ಕೆ ಮರಳಿತು.

ಹಲಗೆಗಳನ್ನು ಜೋಡಿಸಿದ ತೊಟ್ಟಿಲು ಬಬಲೇಶ್ವರದಲ್ಲಿ ಸವಿತಾಳ ತವರಿನ ಪಡಸಾಲೆಗೆ ಬಂದಾಗ, ಅವಳ ತಾಯಿ ಗಿಳಿಯ ಕೊಕ್ಕಿನ ಮೇಲೆ ಬೆರಳಾಡಿಸಿ, "ಕಾರ್ಖಾನ್ಯಾಗ ಮಾಡಿಸೀರೇನ್ರೀ?" ಎಂದರು. ಬಸು, "ಇಲ್ರೀ, ನಮ್ಮಕ್ಕನ ಕಾರ್ಖಾನಿ" ಎಂದ. ಪ್ಲೈವುಡ್ಡಿನ ಸುದ್ದಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಒಮ್ಮೆ ಅವನ ಮುಖ ನೋಡಿದೆ ಅಷ್ಟೆ.

ಅವ್ವ ಮಾತ್ರ ಸುಮಾಳನ್ನು ತೊಟ್ಟಿಲ ಹತ್ತಿರವೇ ನಿಲ್ಲಿಸಿಕೊಂಡಿದ್ದಳು. ನಾನು ಸೆರಗು ಸಿಕ್ಕಿಸಿ ಮುಂದೆ ಬಂದೆ. ಸುಮಾ ಅವ್ವನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ನಗುತ್ತ ಗುದ್ದುವವರ ಸಾಲಿಗೆ ಸೇರಿಕೊಂಡಳು. ಬಗ್ಗಿದೆ. ಹಾಲಿನ ವಾಸನೆಯ ಪುಟ್ಟ ಕಿವಿ. "ಕುರ್ರ್... ಮೈತ್ರಿ" ಎಂದೆ.

ಬೆನ್ನಿನ ಮೇಲೆ ಏನೋ ತಾಗಿತು, ಬೆಕ್ಕು ನಡೆದುಹೋದಂತೆ. ನನ್ನ ನಡುವಿನ ಸುದ್ದಿ ಬಬಲೇಶ್ವರದವರೆಗೂ ತಲುಪಿತ್ತು. ಹೆಂಗಸರು ಹೆದರಿ ಸವರುತ್ತಿದ್ದರು. ಕಾದದ್ದು ಇದಕ್ಕೇನು?

"ಇದೇನ್ರೇ, ಗುದ್ದಾಕತ್ತೀರೋ ಹಪ್ಪಳಕ್ಕ ಎಣ್ಣಿ ಹಚ್ಚಾಕತ್ತೀರೋ?" ಎಂದೆ, ಬಗ್ಗಿದಲ್ಲಿಂದಲೇ.

ಪಡಸಾಲೆ ನಕ್ಕಿತು. ಆಮೇಲೆ ಬಿದ್ದವು ನೋಡಿ! ಜೋಳದ ರೊಟ್ಟಿ ಬಡಿದು ಪಳಗಿದ ಕೈಗಳು. ಧಪ್, ಧಪ್, ನಡುವೆ ಸುಮಾಳದೊಂದು ಬಳೆಯ ಸದ್ದಿನ ಗುದ್ದು. ಎಲ್ಲ ಮುಗಿಯಿತು ಅನ್ನುವಾಗ ಇನ್ನೊಂದು ಬಿತ್ತು, ಎಲ್ಲದಕ್ಕಿಂತ ಜೋರು. ತಿರುಗಿ ನೋಡಿದರೆ ಅವ್ವ, ತನ್ನ ಅಂಗೈ ತಾನೇ ತಿಕ್ಕಿಕೊಳ್ಳುತ್ತಿದ್ದಳು.

"ಗಟ್ಟಿ ಐತಿ ಬಿಡು" ಎಂದಳು, ನನಗಲ್ಲ, ಉಳಿದವರಿಗೆ.

ಊಟವಾದ ಮೇಲೆ ಅವ್ವ ನನ್ನನ್ನು ಬಾಗಿಲ ಮರೆಗೆ ಕರೆದಳು. ಯಾರೂ ಇಲ್ಲದ್ದನ್ನು ನೋಡಿ, ದನಿ ತಗ್ಗಿಸಿ, "ನಿನ್ನ ಮಷೀನಿನ ಬುಡಕ ಅದೇನೋ ಬೆಣಿ ಹಾಕೀಯಂತಲ್ಲ. ನನ್ನ ಪುರಾಣದ ಪುಸ್ತಕ ಇಡೂ ಮಣಿಗೂ ಒಂದ ಜೋಡಿ ಮಾಡಿ ಕೊಡು. ಓದಿ ಓದಿ ಕುತ್ತಿಗಿ ಹಿಡೀತೈತಿ" ಎಂದಳು.

ಅವ್ವನನ್ನು ಗೆದ್ದ ಯಂತ್ರ ನಮ್ಮ ಮನೆತನದಲ್ಲಿ ಇದೇ ಮೊದಲು. ಮಿಕ್ಸಿಗೂ ಆಗಿರಲಿಲ್ಲ. ನಾನು ಜಂಬ ತೋರಿಸಲಿಲ್ಲ. ಹೊರಡುವ ಹೊತ್ತಾಗಿತ್ತು, ಸುಮ್ಮನೆ ಬಗ್ಗಿ ಅವಳ ಪಾದ ಮುಟ್ಟಿದೆ. ಅವಳು ಹೆದರಿ, ಎಬ್ಬಿಸಲು ಎರಡೂ ಕೈ ಚಾಚಿದಳು.

ಆ ಕೈಗಳು ನನ್ನನ್ನು ತಲುಪುವುದರೊಳಗೆ ನಾನು ಎದ್ದು ನೆಟ್ಟಗೆ ನಿಂತಿದ್ದೆ.